ನೈಗಾಗಾ ಅಗಿದ ತುತ್ತು

ಬುಸೋಗಾ ಸೀಮೆಯ ಆ ಕೇರಿಯಲ್ಲಿ ನೈಗಾಗಾಳ ದವಡೆಗೆ ದೊಡ್ಡ ಹೆಸರಿತ್ತು. ಮುಂದಿನ ಹಲ್ಲುಗಳು ಎಂದೋ ಉದುರಿದ್ದವು, ಹಿಂದಿನವು ಕಪ್ಪಾಗಿದ್ದವು. ಆದರೂ ಬೆಂದ ಗೆಣಸಿಗೆ ಹುರಿದ ಕಡಲೇಕಾಯಿ ಬೀಜ ಸೇರಿಸಿ ಅವಳು ಅಗಿದರೆ ಬೆಣ್ಣೆಯಾಗುತ್ತಿತ್ತು. ಅದನ್ನು ಬೆರಳತುದಿಯಲ್ಲಿ ತೆಗೆದು ಬಾಯಿಗಿಟ್ಟರೆ ಎಂಥ ಹಟಮಾರಿ ಕೂಸೂ ಚಪ್ಪರಿಸುತ್ತಿತ್ತು. ಕಬ್ಬಿನ ತೋಟಕ್ಕೆ ಕೂಲಿಗೆ ಹೋಗುವ ತಾಯಂದಿರು ತಮ್ಮ ಬಡಕಲು ಮಕ್ಕಳನ್ನು ತಂದು ಅವಳ ಮಡಿಲಿಗೆ ಹಾಕಿ ಹೋಗುತ್ತಿದ್ದರು. ಗಂಡ ಸತ್ತ ಮೇಲೆ ಹೊಲ ಮೈದುನರ ಪಾಲಾಗಿತ್ತು, ಅವಳದೆಂದು ಉಳಿದದ್ದು ಈ ಹೆಸರೊಂದೇ. ಅದರ ಜಂಬವೂ ಇತ್ತು, ಯಾಕಿರಬಾರದು?

ಮಗಳು ಮುತೇಸಿಯ ಹಿರಿಕೂಸು ನಾಂಗೋಬಿಯನ್ನು ಬೆಳೆಸಿದ್ದೂ ಇದೇ ತುತ್ತಿನಲ್ಲಿ. ಹುಡುಗಿ ಗುಂಡಗುಂಡಗೆ ಬೆಳೆದಳು. ಹಲ್ಲು ಮಾತ್ರ ಹುಟ್ಟಿದ್ದೇ ತಡ, ಕಪ್ಪಾಗಿ ಸವೆಯತೊಡಗಿತು. ಲಾರಿಯಿಂದ ಎಳೆದ ಕಬ್ಬನ್ನು ಓರಗೆಯವರು ಸಿಗಿದು ತಿನ್ನುವಾಗ ಇವಳು ಚೂರು ಚೀಪಿ, ಆಮೇಲೆ ಕೆನ್ನೆ ಹಿಡಿದುಕೊಂಡು ಅಳುತ್ತಿದ್ದಳು. "ಇದ್ದಿಲು ತಿಂದೋಳು ಬಂದ್ಲು!" ಎಂದು ಅವರು ಅಣಕಿಸುತ್ತಿದ್ದರು.

ಕಂಪಾಲಾದಿಂದ ಬಂದ ಹಲ್ಲಿನ ಡಾಕ್ಟರು ಅಪಿಯೋ ಹಿಂದಿನ ಮಳೆಗಾಲದಲ್ಲಿ ಕೇರಿಯ ಅಜ್ಜಿಯರ, ಮಕ್ಕಳ ಬಾಯಿಗೆ ಹತ್ತಿ ಸವರಿ ಪರೀಕ್ಷೆಗೆ ಒಯ್ದಿದ್ದಳು. ಈಗ ಮತ್ತೆ ಬಂದಳು. ಹಿರಿಯಳಾದ ನೈಗಾಗಾಳ ಮುಂದೆ ಚಾಪೆಯ ಮೇಲೆ ಮಂಡಿಯೂರಿ ನಮಸ್ಕರಿಸಿ, ಮಂಡಿಯೂರಿಕೊಂಡೇ ಮಾತಾಡಿದಳು.

"ಅಜ್ಜಿ, ಬಾಯೊಳಗೆ ಕಣ್ಣಿಗೆ ಕಾಣದ ಹುಳ ಇರುತ್ತೆ. ನಾವು ತಿಂದ ಸಕ್ಕರೇಲಿ ಅದು ಅಂಟು ಮಾಡ್ಕೊಂಡು ಹಲ್ಲಿಗೆ ಕಚ್ಕೊಳುತ್ತೆ. ಆ ಅಂಟಿನ ಕೆಳಗೆ ಹುಳಿ ನಿಂತು ಹಲ್ಲು ಕರಗುತ್ತೆ."

"ಹುಳ ಅಂದ್ಮೇಲೆ ಎಲ್ರ ಬಾಯಲ್ಲೂ ಇರುತ್ತಲ್ಲಮ್ಮ."

"ಇರುತ್ತೆ. ಆದ್ರೆ ಒಂದೊಂದರ ಹುಟ್ಟುಗುಣ ಒಂದೊಂದು ಥರ. ಅಂಟು ಮಾಡೋದು ಹೇಗೆ ಅಂತ ಹೇಳ್ಕೊಡೋ ಎರಡು ಜೀನು ಅದರಲ್ಲಿ ಅಕ್ಕಪಕ್ಕ ಇರುತ್ತೆ. ನಿಮ್ಮ ಬಾಯಿನದ್ರಲ್ಲಿ ಒಂದರ ತುಂಡು ಇನ್ನೊಂದಕ್ಕೆ ಸೇರ್ಕೊಂಡಿದೆ. ಬೇರೆ ಅಜ್ಜಿಯರ ಬಾಯಲ್ಲಿ ಅದು ಸಿಗಲಿಲ್ಲ. ನಾಂಗೋಬಿ ಬಾಯಲ್ಲಿ ಥೇಟ್ ಅದೇ ಇದೆ."

ನೈಗಾಗಾ ನಕ್ಕಳು. "ನನ್ನ ಮೂಗು ಒಂದು ಮೊಮ್ಮಗುವಿಗೂ ಬರ್ಲಿಲ್ಲ. ಇದೊಂದು ಬಂತಾ?" ಆ ನಗು ಅರ್ಧಕ್ಕೇ ನಿಂತಿತು. "ನಾನು ಅಗಿದು ಕೊಟ್ಟಿದ್ದಕ್ಕಾ?"

"ಅದರಿಂದಾನೇ ಇರಬೇಕು. ತಪ್ಪು ನಿಮ್ದಲ್ಲ ಅಜ್ಜಿ, ಸಕ್ಕರೆ ಸಿಗದಿದ್ರೆ ಅದು ಇಷ್ಟು ಕೆಡಿಸ್ತಾನೂ ಇರಲಿಲ್ಲ."

"ಓಡ್ಸೋಕೆ ಔಷಧಿ ಕೊಡು ಹಂಗಾದ್ರೆ."

"ಒಂದ್ಸಲ ನೆಲೆ ಊರಿದ್ರೆ ಪೂರ್ತಿ ಓಡ್ಸೋಕಾಗಲ್ಲ. ನಾಂಗೋಬಿ ತಮ್ಮನಿಗೆ ಈಗ ತಾನೆ ಹಲ್ಲು ಬರ್ತಿದೆ. ಅವನಿಗಾದ್ರೂ ನೀವು ಅಗಿದು ಕೊಡಬೇಡಿ."

ಬೈದಿದ್ದರೆ ತಿರುಗಿಸಿ ಬೈಯಬಹುದಿತ್ತು. ಮಂಡಿಯೂರಿ ಕೂತವಳಿಗೆ ಏನು ಹೇಳುವುದು? ಅವಳು ಹೋದ ಮೇಲೆ ನೈಗಾಗಾ ಬಾಗಿಲಲ್ಲೇ ಕೂತು ಬೀದಿಯಲ್ಲಿ ಆಡುವ ಮಕ್ಕಳನ್ನು ನೋಡಿದಳು. ಅವರಲ್ಲಿ ಅರ್ಧ ಜನ ಅವಳ ತುತ್ತು ತಿಂದವರೇ. ಅವರು ನಕ್ಕಾಗಲೆಲ್ಲ ಅವಳು ಹಲ್ಲಿನ ಬಣ್ಣ ನೋಡುತ್ತಿದ್ದಳು. ಕೈಯಲ್ಲಿ ಉಳಿದದ್ದು ಒಂದೇ, ಚಿಕ್ಕವನು ಕಿರುಂಡನ ಬಾಯಿಗೆ ಅದು ಸೇರದಂತೆ ನೋಡಿಕೊಳ್ಳುವುದು.

ಅಂದಿನಿಂದ ಅವಳು ಯಾರ ಕೂಸಿಗೂ ಅಗಿದು ಕೊಡಲಿಲ್ಲ, ಗೆಣಸನ್ನು ಒರಳಲ್ಲಿ ಕುಟ್ಟಿ ಚಮಚದಲ್ಲಿ ತಿನ್ನಿಸತೊಡಗಿದಳು. ಕಿರುಂಡ ಥೂ ಎಂದು ಉಗಿದ, ಕಿರುಚಿದ, ಸೊರಗಿದ.

"ಏನಮ್ಮಾ ಇದು ಹೊಸ ಆಟ? ನಮ್ಮನ್ನೆಲ್ಲ ಅಗಿದು ಕೊಟ್ಟೇ ಸಾಕಿದ್ದಲ್ವಾ? ನಮಗೇನಾಗಿದೆ?" ಎಂದು ಮುತೇಸಿ ರೇಗಿದಳು.

"ಎಲ್ಲಿ, ನಿನ್ನ ಹಲ್ಲು ತೋರ್ಸು ನೋಡೋಣ."

ಮುತೇಸಿ ತುಟಿ ಬಿಗಿದುಕೊಂಡು ಕೆಲಸಕ್ಕೆ ಹೊರಟಳು.

ಪಾಪ, ಮುದುಕಿಗೆ ಕೂಸನ್ನು ಮುದ್ದಿಸಲೂ ಹೆದರಿಕೆ. ಮುತ್ತಿಡಲು ಬಗ್ಗಿದವಳು ಮುಖ ತಿರುಗಿಸಿಕೊಳ್ಳುತ್ತಿದ್ದಳು. ಆದರೆ ಕೆಲವು ವಾರಗಳಲ್ಲಿ ಕಿರುಂಡ ದಾರಿಗೆ ಬಂದ. ಅವಳು ನೀರು ತರಲು ಬೋರಿಗೆ ಹೋಗುವಾಗ ಬಟ್ಟಲನ್ನು ನಾಂಗೋಬಿಯ ಕೈಗಿತ್ತರೆ, ಬರುವಷ್ಟರಲ್ಲಿ ಬಟ್ಟಲು ಖಾಲಿ. ಮಗುವಿನ ಕೆನ್ನೆ ತುಂಬಿಕೊಂಡಿತು. ಕೆಳಗೆರಡು, ಮೇಲೆರಡು, ಅಕ್ಕಿಕಾಳಿನಂಥ ಬಿಳಿ ಹಲ್ಲು ಮೂಡಿದವು. ನೈಗಾಗಾ ಅವನ್ನು ಕೇರಿಗೆಲ್ಲ ತೋರಿಸಿ ಬಂದಳು. ಬಹಳ ದಿನಗಳ ಮೇಲೆ ಅವಳಿಗೆ ಊಟ ರುಚಿಸಿತು.

ಒಂದು ಬೆಳಿಗ್ಗೆ ಬೋರು ಕೆಟ್ಟಿತ್ತು. ಖಾಲಿ ಕ್ಯಾನು ಹಿಡಿದು ಬೇಗನೆ ಮರಳಿದಳು.

ಹಲಸಿನ ಮರದ ಬುಡದಲ್ಲಿ ನಾಂಗೋಬಿ ಕಾಲು ಚಾಚಿ ಕೂತು ತಮ್ಮನನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಚಮಚ ಮಣ್ಣಲ್ಲಿ ಬಿದ್ದಿತ್ತು. ಗೆಣಸನ್ನು ಬಾಯಿಗೆ ಹಾಕಿಕೊಂಡು, ನೋಯದ ಕಡೆ ನಿಧಾನವಾಗಿ ಅಗಿದು, ಬೆರಳತುದಿಯಲ್ಲಿ ತೆಗೆದು ಅವನ ಬಾಯಿಗಿಟ್ಟಳು. ಅವನು ಚಪ್ಪರಿಸಿದ.

ನೈಗಾಗಾ ಕ್ಯಾನು ಕೆಳಗಿಟ್ಟಳು. "ಯಾವತ್ತಿಂದ ಹೀಗೆ ಮಾಡ್ತಿದ್ದೀಯೇ?"

"ದಿನಾ ಅಜ್ಜಿ. ಚಮಚದಲ್ಲಾದ್ರೆ ಅಳ್ತಾನೆ ಅವ್ನು." ಹುಡುಗಿ ಹೊಗಳಿಕೆಗೆ ಕಾಯುತ್ತ ಕಪ್ಪು ಹಲ್ಲು ತೋರಿಸಿ ನಕ್ಕಳು. "ನೀನು ನಂಗೆ ತಿನ್ನಿಸ್ತಿದ್ದೆ ನೋಡು, ಹಂಗೇ."

ಬೈಯಬೇಕೆಂದುಕೊಂಡಳು, ಯಾರನ್ನು ಬೈಯುವುದೆಂದು ತಿಳಿಯಲಿಲ್ಲ. ಅಲ್ಲೇ ಹುಡುಗಿಯ ಪಕ್ಕದಲ್ಲಿ ಕೂತಳು. ಕಿರುಂಡ ಅಕ್ಕನ ಬಾಯನ್ನೇ ನೋಡುತ್ತ ಇನ್ನೊಂದು ತುತ್ತಿಗೆ ಕೈ ಚಾಚಿದ.