ಬಾಯಲ್ಲಿ ಓಡಿಸಿದ ಕರೆಂಟು

ಬೈಕುಗಳ ವಿದ್ಯುತ್ ದುರಸ್ತಿಯನ್ನು ಊಹೆಯ ಕೈಯಿಂದ ಬಿಡಿಸಿ ಅಳತೆಯ ಕೈಗೆ ಒಪ್ಪಿಸಿದವರಲ್ಲಿ ನಮ್ಮ ತರಬೇತಿ ಸಂಸ್ಥೆಯ ಹಿರಿಯ ಬೋಧಕಿ, ನಮ್ಮೆಲ್ಲರ ಬಾಯಲ್ಲಿ ‘ಮೀಟರ್ ಮೇಡಂ’, ಮೊದಲ ಸಾಲಿನವರು. ಅವರ ನಿವೃತ್ತಿಯ ಈ ಸಂದರ್ಭದಲ್ಲಿ ಬರೆಯಲು ಕುಳಿತಿರುವ ನಾನು ಅವರ ಮೊದಲ ಮಹಿಳಾ ತಂಡದ ವಿದ್ಯಾರ್ಥಿನಿ, ಈಗ ಅವರ ಸಹೋದ್ಯೋಗಿ.

ಸೇವೆಗೆ ಸೇರಿದ ಹೊಸದರಲ್ಲಿ ಅವರಿಗೆ ಸಿಕ್ಕಿದ್ದು ಉಗ್ರಾಣದ ಪಕ್ಕದ ಕತ್ತಲೆ ಕೋಣೆ ಮತ್ತು ಕೆಟ್ಟು ನಿಂತ ಕೆಲವು ಬೈಕುಗಳು. ಅಲ್ಲಿಯೇ ಅವರು ತಮ್ಮ ಪದ್ಧತಿಯನ್ನು ರೂಢಿಗೆ ತಂದರು: ಕರೆಂಟು ಹುಟ್ಟುವಲ್ಲಿಂದ ಬ್ಯಾಟರಿಗೆ ಹೋಗಿ ಮರಳುವ ದಾರಿಯನ್ನು ಬಾಯಿಬಿಟ್ಟು ಹೇಳದೆ ಯಾರೂ ಸ್ಪ್ಯಾನರ್ ಮುಟ್ಟುವಂತಿರಲಿಲ್ಲ. ಬಾಯಿ ಮುಚ್ಚಿಕೊಂಡಿರುವುದೇ ಜಾಣತನವೆಂದು ಮನೆಯಲ್ಲಿ ಕಲಿತು ಬಂದಿದ್ದ ನನಗೆ, ಎಲ್ಲರೆದುರು ಗಟ್ಟಿಯಾಗಿ ಯೋಚಿಸುವುದು ಎಷ್ಟು ಕಷ್ಟವೆಂದು ಅವರಿಗೆ ತಿಳಿದಿತ್ತು. ನಾನು ತಡವರಿಸಿದಾಗ ಕಿಟಕಿಯ ಕಡೆ ತಿರುಗಿ, ನನ್ನ ಮುಖ ನೋಡದೆ ಕಾಯುತ್ತಿದ್ದರು.

ಗ್ಯಾರೇಜಿನಲ್ಲಿ ದುಡಿದು ತೋರಿಸದೆ ನಮಗೆ ಪ್ರಮಾಣಪತ್ರವಿಲ್ಲ. ಹೆಣ್ಣುಮಕ್ಕಳನ್ನು ಯಾವ ಗ್ಯಾರೇಜೂ ಸೇರಿಸಿಕೊಳ್ಳಲಿಲ್ಲ. ಕೊನೆಗೊಬ್ಬ ಮಾಲೀಕರು ಷರತ್ತು ಹಾಕಿದರು. ಅವರು ಹೊಸ ಬಣ್ಣ ಹೊಡೆದು ಮದುಮಗನಂತೆ ಮಾಡಿದ್ದ ಬೈಕೊಂದು ಬ್ಯಾಟರಿಗಳನ್ನು ನುಂಗಿ ನೀರು ಕುಡಿಯುತ್ತಿತ್ತು. “ಇದನ್ನ ಸರಿ ಮಾಡಿದ್ರೆ ನಿಮ್ಮ ಹುಡುಗೀರೆಲ್ಲ ಬರಲಿ. ಇಲ್ದಿದ್ರೆ ಮತ್ತೆ ಕೇಳ್ಬೇಡಿ ತಾಯಿ.”

ಮೇಡಂ ನನ್ನನ್ನು ಕರೆದೊಯ್ದು, ತಾವು ಕೈ ಹಿಂದೆ ಕಟ್ಟಿ ನಿಂತರು. ಎಂಜಿನ್ ವೇಗ ಏರಿಸಿದಾಗ ಬ್ಯಾಟರಿಯಲ್ಲಿ ಹದಿನಾಲ್ಕರ ಆಸುಪಾಸು ಇರಬೇಕಾದ ವೋಲ್ಟು ಹನ್ನೆರಡೂವರೆ ದಾಟಲಿಲ್ಲ. ಎಂಜಿನ್ನೊಳಗೆ ಕರೆಂಟು ಹುಟ್ಟಿಸುವ ಕಾಯಿಲ್ ಸರಿಯಿತ್ತು. ಅದರ ಮೂರೂ ಹಳದಿ ತಂತಿಗಳು ಸಮನಾಗಿ ಕರೆಂಟು ಕೊಡುತ್ತಿದ್ದವು. ಆ ಕರೆಂಟನ್ನು ಬ್ಯಾಟರಿಗೆ ಒಗ್ಗುವಂತೆ ಪಳಗಿಸುವ ರೆಗ್ಯುಲೇಟರ್ ಹೊಸದು.

“ಮತ್ತಿನ್ನೇನು, ದೆವ್ವ ಹಿಡಿದಿದೆಯಾ?” ಎಂದ ಮಾಲೀಕರ ಜೊತೆ ಸುತ್ತ ನೆರೆದಿದ್ದ ಕೆಲಸಗಾರರೂ ನಕ್ಕರು.

“ದೆವ್ವಾನೂ ಅಳೆದು ನೋಡೋಣ, ಇರಿ,” ಎಂದ ಮೇಡಂ ನನ್ನತ್ತ ತಿರುಗಿದರು. “ಹೇಳಮ್ಮ, ಕೆಂಪು ತಂತೀಲಿ ಬ್ಯಾಟರಿಗೆ ಹೋಯ್ತು. ತವರಿಗೆ ವಾಪಸ್ಸು ಹೇಗೆ ಬರುತ್ತೆ?”

“ಬ್ಯಾಟರಿ ಮೈನಸ್ಸಿಂದ ಫ್ರೇಮಿಗೆ… ಫ್ರೇಮಿಂದ ರೆಗ್ಯುಲೇಟರ್ ಮೈಗೆ…” ಎನ್ನುತ್ತಲೇ ಹೊಳೆಯಿತು: ಮರಳುವ ಆ ದಾರಿಯನ್ನು ನಾನು ಅಳೆದೇ ಇರಲಿಲ್ಲ. ಆ ಮೈಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ ಮೀಟರ್ ಇಟ್ಟು ಎಂಜಿನ್ ವೇಗ ಏರಿಸಿದೆ. ಸೊನ್ನೆಯ ಹತ್ತಿರ ನಿಲ್ಲಬೇಕಾದ ಅಂಕಿ ಒಂದೂವರೆ ತೋರಿಸಿತು. ರೆಗ್ಯುಲೇಟರನ್ನು ಫ್ರೇಮಿಗೆ ಬಿಗಿದ ಬೋಲ್ಟ್ ಬಿಚ್ಚಿದರೆ, ಲೋಹಕ್ಕೆ ಲೋಹ ತಾಗಬೇಕಾದಲ್ಲಿ ಥಳಥಳಿಸುವ ದಪ್ಪ ಬಣ್ಣ!

“ಅಯ್ಯೋ, ನಾನೇ ಹೊಡೆದಿದ್ದು! ಅದೂ ಎರಡು ಕೋಟು!”

“ಚೆನ್ನಾಗೇ ಹೊಡೆದಿದ್ದೀರಿ ಅಣ್ಣ, ಕರೆಂಟಿಗೂ ಬಾಗಿಲು ಬಿಟ್ಟಿಲ್ಲ,” ಎಂದೆ. ಅಷ್ಟು ಜನ ಗಂಡಸರ ನಡುವೆ ನಾನಾಡಿದ ಮೊದಲ ಹಾಸ್ಯ ಅದು. ಮೇಡಂ ಎಲ್ಲರಿಗಿಂತ ಜೋರಾಗಿ ನಕ್ಕರು.

ಬಣ್ಣ ಕೆರೆದು ಬೋಲ್ಟ್ ಬಿಗಿದಾಗ ಬ್ಯಾಟರಿಗೆ ಹಿಡಿದ ಮೀಟರ್ ಹದಿನಾಲ್ಕಕ್ಕೇರಿತು. ಹೆಡ್‌ಲೈಟ್ ಹಾಕಿದರೂ ಕದಲಲಿಲ್ಲ.

“ಆಯ್ತು ಮೇಡಂ, ಎಷ್ಟು ಜನ ಕಳಿಸ್ತೀರಿ?”

“ಎಲ್ಲರನ್ನೂ.”

ಅಂದಿನಿಂದ ನಮ್ಮ ಯಾವ ತಂಡವೂ ಗ್ಯಾರೇಜಿಗಾಗಿ ಅಲೆದಿಲ್ಲ. ಕತ್ತಲೆ ಕೋಣೆ ಬೆಳೆದು ದೊಡ್ಡ ವಿಭಾಗವಾಗಿದೆ. ಆ ಗ್ಯಾರೇಜಿನ ವಿದ್ಯುತ್ ಕೆಲಸವನ್ನು ಇಂದು ನಡೆಸುತ್ತಿರುವುದು ಮಾಲೀಕರ ಸೊಸೆ, ಮೇಡಂ ಅವರ ಶಿಷ್ಯೆ. ಅದರ ಮಹಡಿಯಲ್ಲಿ, ತಮ್ಮ ಗಾಡಿಯ ದೋಷವನ್ನು ತಾವೇ ಹುಡುಕಬಯಸುವ ಹೆಂಗಸರಿಗಾಗಿ ಮೇಡಂ ಮುಂದಿನ ವಾರದಿಂದ ತರಗತಿ ನಡೆಸಲಿದ್ದಾರೆ. ಅವರಿಗೆ ದೀರ್ಘಾಯುಸ್ಸಿರಲಿ, ಗಟ್ಟಿ ಆರೋಗ್ಯವಿರಲಿ. ವಿಶ್ರಾಂತಿಯನ್ನು ಮಾತ್ರ ನಾವು ಹಾರೈಸಲಾರೆವು. ಆ ತರಗತಿಯ ಕುರ್ಚಿಗಳು ಆಗಲೇ ಭರ್ತಿಯಾಗಿವೆ.