ಅಮೇರಿಕದ ಓಟು, ನಮ್ಮ ಓಣಿಯ ಭಂಡಾರ

ಅಮೇರಿಕದ ಅಧ್ಯಕ್ಷರ ಚುನಾವಣೆಯಲ್ಲಿ ನನಗೆ ಓಟಿಲ್ಲ. ಇದನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ ಮುಂದೆ ಓದುತ್ತ ಹೋದವರು ಈಕೆಗೆ ಅಲ್ಲಿ ಒಂದಲ್ಲ, ಎರಡು ಓಟಿರಬೇಕು ಎಂದುಕೊಂಡಾರು. ನನ್ನ ಓಟು ಇರುವುದು ಗಡಿಯಾಚೆಯ ತೆಲುಗು ಸೀಮೆಯಲ್ಲಿ, ಮಕ್ತಲ್‌ನಿಂದ ಮಾಗನೂರಿನ ಕಡೆಗೆ ಹೋಗುವಾಗ ಸಿಗುವ ಒಂದು ಹಳ್ಳಿಯಲ್ಲಿ. ಅಲ್ಲಿಯ ಕನ್ನಡ ಶಾಲೆಯಲ್ಲಿ ನಾನು ಬಹಳ ವರ್ಷ ಸಮಾಜ ಪಾಠ ಮಾಡಿದೆ. ನಕ್ಷೆ ತೂಗುಹಾಕಿ, ಕೋಲು ಹಿಡಿದು, ಯಾವ ದೇಶದ ಮೇಲೆ ಬೇಕಾದರೂ ಬೆರಳಿಟ್ಟು ಅದು ಮಾಡಿದ್ದು ಸರಿಯೋ ತಪ್ಪೋ ಎಂದು ತೀರ್ಪು ಕೊಡುವುದು ಅಭ್ಯಾಸವಾಗಿಹೋಗಿತ್ತು. ನಿವೃತ್ತಿಯ ದಿನ ಸರ್ಕಾರ ನನ್ನಿಂದ ಕೋಲನ್ನೂ ನಕ್ಷೆಯನ್ನೂ ವಾಪಸು ಪಡೆಯಿತು. ಅಭಿಪ್ರಾಯಗಳನ್ನು ವಾಪಸು ಕೇಳುವುದನ್ನು ಮರೆಯಿತು.

ಆದ್ದರಿಂದ ಅವು ಮನೆಯಲ್ಲೇ ಉಳಿದಿವೆ. ಅವುಗಳ ಉಪದ್ರವ ಹೆಚ್ಚಾಗಿ ತಟ್ಟುವುದು ನಮ್ಮ ಯಜಮಾನರಿಗೆ. ಕಳೆದ ಅಮೇರಿಕದ ಚುನಾವಣೆಯಲ್ಲಿ ಒಬ್ಬ ಹೆಣ್ಣುಮಗಳು ನಿಂತಿದ್ದಳಲ್ಲ, ನಾನು ಆಕೆಯ ಪಕ್ಷ. ನಮ್ಮವರು ಆಕೆಯ ಎದುರಾಳಿಯ ಪಕ್ಷ. ಮನೆಯಲ್ಲಿರುವುದು ಇಬ್ಬರೇ ಆದ್ದರಿಂದ ಸಮಬಲದ ಸ್ಪರ್ಧೆ. ತೆಲುಗು ವಾರ್ತೆ ಶುರುವಾದರೆ ನಮ್ಮ ಕನ್ನಡ ಜಗಳ ಶುರು. ಆತ ಮನಸ್ಸಿನಲ್ಲಿದ್ದುದನ್ನು ನೇರ ಹೇಳುತ್ತಾನೆ ಎಂಬುದು ನಮ್ಮವರ ವಾದ. ಮನಸ್ಸಿನಲ್ಲಿದ್ದುದನ್ನೆಲ್ಲ ಹೇಳುವುದೇ ಯೋಗ್ಯತೆಯಾದರೆ ನಾನು ಎಂದೋ ಅಧ್ಯಕ್ಷಳಾಗಬೇಕಿತ್ತು ಎಂಬುದು ನನ್ನ ವಾದ.

"ಅಲ್ಲ, ಆಕೀ ಪಕ್ಷದ ಗುರ್ತು ಏನಂತ ಗೊತ್ತೈತೇನು ನಿನಗ? ಕತ್ತಿ, ಒದರೋ ಕತ್ತಿ! ಕತ್ತೀ ಗುರ್ತಿಗೆ ಓಟ ಹಾಕ್ತೀನಂತಿ. ಈ ಕಡೆ ನೋಡು, ಆನಿ ಐತಿ. ಗಣಪತಿ ಇದ್ದಂಗ," ಎಂದು ಅವರು ಒಂದು ದಿನ ಗೆದ್ದ ದನಿಯಲ್ಲಿ ಹೇಳಿದರು.

ಇಲ್ಲಿ ನಾನು ಸ್ವಲ್ಪ ಚರಿತ್ರೆಗೆ ಹೋಗಬೇಕಾಯಿತು. ನಮ್ಮದು ಕುರಿ ಕಾಯುವ ಮನೆತನ. ನಮ್ಮ ಮಾವನವರು ಸುಗ್ಗಿ ಮುಗಿದ ಮೇಲೆ ಮಂದೆಯ ಹಿಂದೆ ಕೃಷ್ಣೆಯ ದಂಡೆಗುಂಟ ಹೋಗುವಾಗ ಗಡಿಗೆ, ಕಂಬಳಿ, ಆಗಷ್ಟೇ ಹುಟ್ಟಿದ ಮರಿ, ಒಮ್ಮೊಮ್ಮೆ ಬಾಣಂತಿಯ ಗಂಟು, ಎಲ್ಲವನ್ನೂ ಹೊತ್ತು ನಡೆದದ್ದು ಕತ್ತೆ. "ಆನಿ ಯಾವಾಗರೆ ನಿಮ್ಮಪ್ಪನ ಕಂಬಳಿ ಹೊತ್ತೈತೇನ್ರಿ?" ಎಂದು ಕೇಳಿದೆ. ಅವರು ವಾರ್ತೆಯ ಸದ್ದು ಹೆಚ್ಚು ಮಾಡಿದರು. ಕತ್ತೆಯನ್ನು ಆರಿಸಿಕೊಂಡ ಪಕ್ಷಕ್ಕೆ ಬದುಕು ಗೊತ್ತಿದೆ ಎಂದು ನಾನು ಈಗಲೂ ನಂಬಿದ್ದೇನೆ. ಆ ಪಕ್ಷದವರು ಕತ್ತೆಯನ್ನು ಎಂದಾದರೂ ಮೇಯಿಸಿದ್ದಾರೆಯೇ ಎಂಬುದು ಬೇರೆ ಪ್ರಶ್ನೆ.

ಅಮೇರಿಕದವರು ಓಟು ಹಾಕುವುದು ಮಂಗಳವಾರ. ಹಿಂದೆ ಅಲ್ಲಿಯ ರೈತರು ಭಾನುವಾರ ಪ್ರಾರ್ಥನೆ ಮುಗಿಸಿ, ಸೋಮವಾರ ಗಾಡಿ ಹೂಡಿ ಹೊರಟರೆ ಮಂಗಳವಾರಕ್ಕೆ ಪಟ್ಟಣ ಮುಟ್ಟುತ್ತಿದ್ದರಂತೆ. ಬುಧವಾರ ಸಂತೆ. ಗಾಡಿ ಹೋದರೂ ವಾರ ಉಳಿಯಿತು. ಮಂಗಳವಾರ ಹೊಸ ಕೆಲಸಕ್ಕೆ ಕೈ ಹಚ್ಚದ ನಮ್ಮ ಓಣಿಯವರಿಗೆ ಇದನ್ನು ಹೇಳಿದಾಗ, ಆ ದೇಶದ ಅರ್ಧ ಕಷ್ಟಕ್ಕೆ ಕಾರಣ ಸಿಕ್ಕಿತೆಂದು ಅವರಿಗೆ ಸಮಾಧಾನವಾಯಿತು.

ಇನ್ನು ಅಲ್ಲಿಯ ಎಣಿಕೆಯ ಪದ್ಧತಿ. ದೇಶದಲ್ಲೆಲ್ಲ ಹೆಚ್ಚು ಓಟು ಬಿದ್ದವರು ಸೋತು, ಕಡಿಮೆ ಬಿದ್ದವರು ಅಧ್ಯಕ್ಷರಾಗುವುದು ಅಲ್ಲಿ ನಡೆಯುತ್ತದೆ. ಓದಿದವರಿಗೂ ಇದು ತಲೆಗೆ ಹೋಗುವುದಿಲ್ಲ. ನಮ್ಮ ಓಣಿಯಲ್ಲಿ ಎಲ್ಲರಿಗೂ ಹೋಗುತ್ತದೆ. ಯಾಕೆಂದರೆ ನಮ್ಮಲ್ಲಿ ಭಂಡಾರ ಎತ್ತುವ ರೂಢಿ ಇದೆ.

ಭಂಡಾರವೆಂದರೆ ಬೀರಪ್ಪನ ಗುಡಿಯ ಅರಿಶಿನದ ಪುಡಿ. ಚುನಾವಣೆ ಬಂತೆಂದರೆ ಓಣಿಯ ಗಂಡಸರೆಲ್ಲ ಗುಡಿಯ ಕಟ್ಟೆಯ ಮೇಲೆ ಕೂಡುತ್ತಾರೆ. ಯಾರಿಗೆ ಹಾಕಬೇಕು ಎಂದು ಕೂಗಾಡುತ್ತಾರೆ. ಯಾವ ಕಡೆ ದನಿ ಹೆಚ್ಚೋ ಆ ಕಡೆ ಫೈಸಲಾ. ಆಮೇಲೆ ಪೂಜಾರಿ ಕರಿಯಪ್ಪಣ್ಣ ಭಂಡಾರದ ಬಟ್ಟಲು ಹಿಡಿಯುತ್ತಾರೆ. ಒಬ್ಬೊಬ್ಬರೂ ಚಿಟಿಕೆ ಎತ್ತಿ ಹಣೆಗೆ ಹಚ್ಚಿಕೊಂಡು ಬೀರಪ್ಪನ ಆಣೆ ಎನ್ನುತ್ತಾರೆ. ಅಲ್ಲಿಯವರೆಗೆ ಎದುರು ಕೂಗಿದವರೂ ಎತ್ತಬೇಕು. ಎತ್ತಿದ ಮೇಲೆ ಓಣಿಯ ಅಷ್ಟೂ ಓಟು ಒಂದೇ ಗುರುತಿಗೆ. ಅಮೇರಿಕದ ಬಹುಪಾಲು ರಾಜ್ಯಗಳಲ್ಲಿ ನಡೆಯುವುದೂ ಇದೇ. ಅರ್ಧಕ್ಕಿಂತ ತುಸು ಹೆಚ್ಚು ಜನ ಒಂದು ಕಡೆ ಕೂಗಿದರೆ ರಾಜ್ಯದ ಪೂರ್ತಿ ಪಾಲು ಆ ಕಡೆಗೆ. ಅವರ ಹತ್ತಿರ ಅರಿಶಿನ ಮಾತ್ರ ಇಲ್ಲ.

ಫಲಿತಾಂಶದ ಬುಧವಾರ ಬೆಳಿಗ್ಗೆ ನಾನು ರೊಟ್ಟಿ ಬಡಿಯುವುದನ್ನು ಬಿಟ್ಟು ವಾರ್ತೆ ನೋಡುತ್ತ ಕೂತೆ. ನಮ್ಮಾಕೆ ಸೋತಳು. ಅದಕ್ಕೆ ಮೊದಲೂ ಒಬ್ಬಾಕೆ ಹೀಗೆಯೇ ಕೊನೆಯ ಸುತ್ತಿನವರೆಗೆ ಬಂದು ಸೋತಿದ್ದಳು. ನನಗೆ ಸಿಟ್ಟು ಬಂದದ್ದು ಗೆದ್ದಾತನ ಮೇಲಲ್ಲ. ಆತ ನಿಂತ, ಗೆದ್ದ, ಅದು ಆತನ ಕೆಲಸ. ಸಿಟ್ಟು ಬಂದದ್ದು ಅಲ್ಲಿಯ ಹೆಂಗಸರ ಮೇಲೆ. ಅರ್ಧ ದೇಶ ಅವರೇ ಇದ್ದಾರೆ. ಅವರೆಲ್ಲ ಒಂದಾಗಿದ್ದರೆ ತಡೆಯುವವರು ಯಾರಿದ್ದರು? "ಹೆಂಗಸರು ಸುದ್ದಾ ರಗಡ ಮಂದಿ ನಮ್ಮಾತಗ ಹಾಕ್ಯಾರಂತ," ಎಂದು ನಮ್ಮವರು ಚಹಾ ಹೀರಿದರು. ಅಂದು ಅವರಿಗೆ ಎರಡನೇ ಲೋಟ ಸಿಗಲಿಲ್ಲ. ಆ ಹೆಂಗಸರನ್ನು ನಾನು ಒಂದು ವರ್ಷ ಕ್ಷಮಿಸಲಿಲ್ಲ. ಅವರಿಗೆ ಇದು ತಿಳಿಯಲಿಲ್ಲ ಎಂಬುದೊಂದೇ ಕೊರತೆ.

ಹೀಗಿರುವಾಗ ನಮ್ಮೂರಿಗೇ ಪಂಚಾಯತಿ ಚುನಾವಣೆ ಬಂತು. ಸರ್ಪಂಚ್ ಕುರ್ಚಿ ಈ ಸಲ ಹೆಂಗಸರಿಗೆ ಮೀಸಲು. ಮೇಲಿನ ಓಣಿಯ ಸಾಹುಕಾರರೊಬ್ಬರು ತಮ್ಮ ಹೆಂಡತಿಯನ್ನು ಉಂಗುರದ ಗುರುತಿನ ಮೇಲೆ ನಿಲ್ಲಿಸಿದರು. ನಿಲ್ಲಿಸಿದರು ಎಂಬುದು ಮಾತಿಗೆ. ಆಕೆ ಮನೆಯಿಂದ ಹೊರಗೆ ಬಂದು ನಿಂತದ್ದನ್ನು ಯಾರೂ ನೋಡಲಿಲ್ಲ. ಆಟೋ ಮೇಲೆ ಅವರದೇ ದೊಡ್ಡ ಫೋಟೋ, ಮೂಲೆಯಲ್ಲಿ ಆಕೆಯ ಚಿಕ್ಕದು. "ಅಮ್ಮಾ, ಮೀ ಓಟು ಉಂಗರಾನಿಕೇ" ಎಂದು ಮೈಕು ದಿನವಿಡೀ ತೆಲುಗಿನಲ್ಲಿ ಕೂಗಿತು.

ಎದುರಿಗೆ ನಿಂತವಳು ನಮ್ಮ ಓಣಿಯ ಬೀರವ್ವ. ಗುರುತು ಕತ್ತರಿ. ಶಾಲೆಯಲ್ಲಿ ನನ್ನ ಕೈಕೆಳಗೆ ಓದಿದವಳು. ಊರ ಮಹಿಳಾ ಸಂಘವನ್ನು ನಡೆಸುವವಳು ಅವಳೇ. ಗಂಡ ಮಂದೆಯ ಸಂಗಡ ಹೊಳೆದಂಡೆಗೆ ಹೋಗಿದ್ದ. ಅವಳಿಗೆ ಇದರಲ್ಲಿ ಏನು ಆಸೆ ಎಂದು ನಾನು ಒಮ್ಮೆ ಕೇಳಿದೆ.

"ಹೋದ ಸಲಾನೂ ಹೆಣ್ಮಗಳೇ ಸರ್ಪಂಚ್ ಇದ್ಲಲ್ರಿ ಟೀಚರಮ್ಮ," ಎಂದಳು. "ನಳದ ಅರ್ಜಿ ತಗೊಂಡು ಆಕೀ ಮನಿಗೆ ಹೋದ್ರ ದಸ್ಕತ್ತು ಗಂಡ ಮಾಡಿದ. ಆಕೀ ಬಾಗಲದಾಗ ನಿಂತು ನೋಡಿದ್ಲು. ಆ ಕುರ್ಚಿ ಮ್ಯಾಲೆ ಕುಂತು ನನ್ನ ದಸ್ಕತ್ತು ನಾನ ಮಾಡಬೇಕ್ರಿ. ಅಷ್ಟ."

ಈ ಹುಡುಗಿ ಗೆಲ್ಲಲೇಬೇಕು ಎಂದು ಆ ಗಳಿಗೆಯಲ್ಲೇ ನಿಶ್ಚಯ ಮಾಡಿದೆ. ಅಮೇರಿಕದಲ್ಲಿ ನನ್ನ ಮಾತು ನಡೆಯದಿದ್ದರೇನು, ಇಲ್ಲಿ ನಡೆಯಬೇಕಲ್ಲ.

ಆದರೆ ಓಟಿನ ಹಿಂದಿನ ದಿನ ದೀಪ ಹಚ್ಚುವ ಹೊತ್ತಿಗೆ ಕಟ್ಟೆಯ ಮೇಲೆ ಗಂಡಸರು ಕೂಡಿದರು. ಮೇಲಿನ ಓಣಿಯ ಸಾಹುಕಾರರು ಬೀರಪ್ಪನ ಗುಡಿಗೆ ಕಾಂಪೌಂಡ್ ಗೋಡೆ ಕಟ್ಟಿಸುವುದಾಗಿ ಮಾತು ಕೊಟ್ಟಿದ್ದರು. ಗಂಡ ಊರಲ್ಲಿಲ್ಲದ ಹೆಣ್ಣುಮಗಳನ್ನು ನಂಬಿ ಗೋಡೆ ಕಳೆದುಕೊಳ್ಳುವುದು ಬೇಡ ಎಂದು ದನಿ ಎದ್ದಿತು. ನಮ್ಮವರು ಬೀರವ್ವನ ಪರ ಎರಡು ಮಾತಾಡಿದರಂತೆ. ನಾನು ಇದನ್ನು ಇಲ್ಲಿ ದಾಖಲಿಸುತ್ತೇನೆ, ಮನುಷ್ಯ ಮನೆಯಲ್ಲಿ ಕಂಡಷ್ಟು ಕೆಟ್ಟವರಲ್ಲ. ಆದರೆ ಕೂಗು ಉಂಗುರದ ಕಡೆ ಹೆಚ್ಚಾಯಿತು. ಭಂಡಾರ ಎತ್ತಿಯೂ ಆಯಿತು. ನಮ್ಮವರು ಹಣೆಯ ಮೇಲೆ ಹಳದಿ ಹೊತ್ತು, ಮುಖ ಸಣ್ಣದು ಮಾಡಿಕೊಂಡು ಬಂದು ಹೇಳಿದರು.

"ಓಣಿ ಕಟ್ಟಾತು. ನಾಳಿಗೆ ಉಂಗರಕ್ಕ ಹಾಕಬೇಕು."

"ಯಾರು ಹಾಕಬೇಕ್ರಿ?"

"ಎಲ್ಲಾರೂ. ನೀನೂ."

ನಾನು ನನ್ನೆರಡೂ ಕೈಗಳನ್ನು ಅವರ ಮುಂದೆ ಹಿಡಿದೆ. ಹೆಂಗಸರು ಆ ಕಟ್ಟೆ ಹತ್ತುವ ರೂಢಿಯಿಲ್ಲ, ಬಟ್ಟಲಿಗೆ ಕೈ ಹಾಕುವ ರೂಢಿಯಂತೂ ಇಲ್ಲವೇ ಇಲ್ಲ. ಇಷ್ಟು ವರ್ಷ ಅದು ಬೇಕಾಗಿಯೂ ಇರಲಿಲ್ಲ. ಗಂಡ ಎತ್ತಿದರೆ ಹೆಂಡತಿ ಎತ್ತಿದಂತೆ ಎಂದು ಎಲ್ಲರೂ ತಿಳಿದಿದ್ದರು, ಹೆಂಡತಿಯರೂ ಹಾಗೇ ತಿಳಿದಿದ್ದರು. ನನ್ನ ಬರಿ ಕೈ ನೋಡಿ ನಮ್ಮವರಿಗೆ ಏನು ಹೊಳೆಯಿತೋ, ನಕ್ಕರು. ಆಣೆ ಮಾಡಿದ ಮನುಷ್ಯ ನಗಬಾರದೆಂದು ತಟ್ಟನೆ ಸುಮ್ಮನೂ ಆದರು.

ಇದು ನಾನೊಬ್ಬಳೇ ತೀರ್ಮಾನಿಸುವ ವಿಷಯವಲ್ಲ. ಆಣೆಯ ಭಯ ಹೆಂಗಸರಿಗೆ ಹೆಚ್ಚು. ನಾಳೆ ಕುರಿ ಸತ್ತರೆ, ಮಗು ಕೆಮ್ಮಿದರೆ, ಓಟು ತಪ್ಪಿ ಹಾಕಿದ್ದಕ್ಕೇ ಎಂದು ಹಣೆ ಬಡಿದುಕೊಳ್ಳುವವರು ಅವರೇ. ಆದ್ದರಿಂದ ಬೆಳಗಾಗುತ್ತಲೇ ನೇರ ಕರಿಯಪ್ಪಣ್ಣನವರ ಮನೆಗೆ ಹೋದೆ. ಅವರು ದೊಡ್ಡಿಯ ಬಾಗಿಲು ತೆಗೆಯುತ್ತಿದ್ದರು. ಅವರ ಹೆಂಡತಿ ಗಂಗವ್ವ ಅಂಗಳ ಗುಡಿಸುತ್ತಿದ್ದಳು. ಪಕ್ಕದ ಮನೆಗಳ ಹೆಂಗಸರು ನೀರಿಗೆ ಬಂದವರು ಕೊಡ ಹಿಡಿದು ಅಲ್ಲೇ ನಿಂತರು.

"ಕರಿಯಪ್ಪಣ್ಣ, ಒಂದು ಮಾತು ಕೇಳಾಕ ಬಂದೀನಿ. ಆಣಿ ಯಾರ ಮ್ಯಾಲೆ ಇರತೈತ್ರಿ?"

"ಎತ್ತಿದ ಕೈ ಮ್ಯಾಲೆ," ಎಂದರು ಅವರು, ತಡವಿಲ್ಲದೆ.

"ಎತ್ತದ ಕೈ ಮ್ಯಾಲೆ?"

"ಅದರ ಮ್ಯಾಲೆ ಎಲ್ಲೀದು ಬರತೈತಿ, ಟೀಚರಮ್ಮ?" ಎಂದವರು ಸುತ್ತಲೂ ನೋಡಿದರು. ಕೊಡ ಹಿಡಿದ ಹೆಂಗಸರೆಲ್ಲ ಅವರ ಬಾಯಿಯನ್ನೇ ನೋಡುತ್ತಿದ್ದರು. ಗಂಗವ್ವನ ಪೊರಕೆ ನಿಂತಿತ್ತು. ಅವರಿಗೆ ಈಗ ನನ್ನ ಪ್ರಶ್ನೆಯ ಬಾಲ ಕಂಡಿತು.

ಅವರು ಸುಳ್ಳು ಹೇಳಬಹುದಿತ್ತು. ಗೋಡೆ ಅವರದೇ ಗುಡಿಯದು. ಒಂದು ಮಾತು ಬೇರೆ ಹೇಳಿದ್ದರೆ ಓಣಿ ಅವರ ಕೈಯಲ್ಲಿತ್ತು. ಅಷ್ಟರಲ್ಲಿ ಸುದ್ದಿ ತಿಳಿದು ಬಂದ ಇಬ್ಬರು ಗಂಡಸರು, "ಹೆಣ್ಮಕ್ಕಳಿಗೂ ಈಗ ಎತ್ತಿಸಿಬಿಡ್ರಿ, ಜಲ್ದಿ," ಎಂದು ಅವಸರ ಮಾಡಿದರು. ಕರಿಯಪ್ಪಣ್ಣ ಅವರ ಕಡೆ ತಿರುಗಿದರು.

"ಎತ್ತಸಾಕ ಬರಂಗಿಲ್ಲ. ಬೀರಪ್ಪನ ಪದ್ಧತಿ ಐತಿ. ಒಂದು ಓಟಿನ ಸಲುವಾಗಿ ಪದ್ಧತಿ ಮುರೀಲೇನು? ಆಣಿ ಗಂಡಸರದು. ಹೆಣ್ಮಕ್ಕಳ ಓಟು ಹೆಣ್ಮಕ್ಕಳ ಪಾಲು."

ಹೆಂಗಸರನ್ನು ದೂರ ಇಡಲೆಂದು ಯಾರೋ ಎಂದೋ ಮಾಡಿದ ನಿಯಮ ಆ ಬೆಳಿಗ್ಗೆ ನಮ್ಮನ್ನೆಲ್ಲ ಬಿಡುಗಡೆ ಮಾಡಿತು. ನಾನು ಶಾಲೆಯಲ್ಲಿ ಎಷ್ಟೋ ಸಲ ಗುಪ್ತ ಮತದಾನದ ಪಾಠ ಮಾಡಿದ್ದೇನೆ. ಕರಿಯಪ್ಪಣ್ಣನಷ್ಟು ಚೆನ್ನಾಗಿ ಒಮ್ಮೆಯೂ ಮಾಡಿರಲಿಲ್ಲ. ಅಂದು ಗಂಡಸರು ಒಂದು ಸಾಲಿನಲ್ಲಿ ಗಂಭೀರವಾಗಿ ಉಂಗುರಕ್ಕೆ ಹೋದರು. ಹೆಂಗಸರ ಸಾಲಿನಲ್ಲಿ ಮಾತೇ ಮಾತು, ನಗುವೇ ನಗು. ಮಧ್ಯಾಹ್ನದ ಮೇಲೆ ಎಣಿಕೆಯಾಗಿ, ಬೇರೆ ಓಣಿಗಳ ಸಂಘದ ಹೆಂಗಸರ ಓಟೂ ಸೇರಿ ಬೀರವ್ವ ಗೆದ್ದಳು. ಗೆಲುವು ದೊಡ್ಡದೇನಲ್ಲ, ಒಂದು ಸಣ್ಣ ದೊಡ್ಡಿಯಲ್ಲಿ ಕುರಿ ಹಿಡಿಸುವಷ್ಟು. ಆದರೂ ಓಣಿಯ ಹೆಂಗಸರೆಲ್ಲ ಒಂದಾಗಿ ಕತ್ತರಿಗೆ ಹಾಕಿದರೆಂದು ನಾನು ಊರೆಲ್ಲ ಹೇಳಿಕೊಂಡು ಬಂದೆ. ಅಮೇರಿಕದ ಹೆಂಗಸರು ಇಲ್ಲಿ ಬಂದು ಒಂದು ವಾರ ಇದ್ದು ಕಲಿತು ಹೋಗಲಿ ಎಂದು ನಮ್ಮವರಿಗೂ ಹೇಳಿದೆ.

ಅಧಿಕಾರ ವಹಿಸಿಕೊಳ್ಳುವ ದಿನ ಪಂಚಾಯತಿ ಕಚೇರಿಯ ಮುಂದೆ ಹೆಂಗಸರು ಕಿಕ್ಕಿರಿದಿದ್ದರು. ಬೀರವ್ವ ಕುರ್ಚಿಯ ಮೇಲೆ ಕೂತಳು. ಪೆನ್ನು ಹಿಡಿದು, ಕಾಗದ ಸರಿಮಾಡಿಕೊಂಡು, ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆದಳು. ಬೇಕೆಂದೇ ಬಹಳ ಹೊತ್ತು ಹಿಡಿದಳು. ಯಾರೂ ಅವಸರ ಮಾಡಲಿಲ್ಲ. ಹಿಂದೆ ನಿಂತಿದ್ದ ಅವಳ ಗಂಡ, ಮಂದೆ ಬಿಟ್ಟು ಬಂದವನು, ಕಂಬಳಿಯ ಅಂಚಿನಿಂದ ಕಣ್ಣು ಒರೆಸಿಕೊಂಡ. ನಾನೂ ಒರೆಸಿಕೊಂಡೆ. ನನ್ನ ಹತ್ತಿರ ಮೆಟ್ಟಿಲ ಮೇಲೆ ಗಂಗವ್ವ ಕೂತಿದ್ದಳು.

"ದಸ್ಕತ್ತು ಚಂದ ಮಾಡಿದ್ಲು ಹುಡುಗಿ," ಎಂದಳು ಗಂಗವ್ವ, ಎಲೆಗೆ ಸುಣ್ಣ ಹಚ್ಚುತ್ತ. "ಆದ್ರ ನಾ ಉಂಗರಕ್ಕ ಹಾಕೀನಿ, ಟೀಚರಮ್ಮ."

"ಯಾಕ ಗಂಗವ್ವ? ನಿನ್ನ ಮ್ಯಾಲೆ ಆಣಿ ಇರಲಿಲ್ಲಲ್ಲ!" ಎಂದೆ.

"ಇರಲಿಲ್ಲ. ಅದಕ್ಕ ಹಾಕೀನಿ. ಹ್ವಾದ ಬ್ಯಾಸಗ್ಯಾಗ ಆಕೀ ನಳದ ಹತ್ರ ನನ್ನ ಕೊಡ ಹಿಂದ ಸರಿಸಿದ್ಲು. ನಾ ಮರೆತಿಲ್ಲ. ಮತ್ತ ಗುಡಿಗೆ ಗೋಡಿನೂ ಬೇಕು ನನಗ. ಯಾಕ, ನೀವೇನು ನನಗ ಭಂಡಾರ ಎತ್ತಿಸಿದ್ರೇನು?"

ಇಲ್ಲ, ನಾನು ಎತ್ತಿಸಿರಲಿಲ್ಲ. ಮನಸ್ಸಿನಲ್ಲಿ ಮಾತ್ರ ಇಡೀ ಓಣಿಯ ಹೆಂಗಸರಿಗೆ, ಕಡಲಾಚೆಯ ಹೆಂಗಸರಿಗೂ ಸೇರಿಸಿ, ಯಾರನ್ನೂ ಕೇಳದೆ ಎತ್ತಿಸಿಬಿಟ್ಟಿದ್ದೆ. ಗಂಗವ್ವ ಎಲೆ ಮಡಿಚಿ ನನ್ನ ಕೈಗಿಟ್ಟಳು. ನಾನು ಬಾಯಿಗೆ ಹಾಕಿಕೊಂಡೆ.

ಆ ದಿನ ಅಮೇರಿಕದ ಹೆಂಗಸರ ಮೇಲಿನ ನನ್ನ ಸಿಟ್ಟು ಇಳಿಯಿತು. ಅಭಿಪ್ರಾಯ ಇಳಿದಿಲ್ಲ, ಅದು ಇಳಿಯುವ ಜಾತಿಯದಲ್ಲ. ಅವರು ತಪ್ಪು ಮಾಡಿದರೆಂದು ಈಗಲೂ ಹೇಳುತ್ತೇನೆ, ಮುಂದಿನ ಸಲ ಮಾಡಿದರೆ ಆಗಲೂ ಹೇಳುತ್ತೇನೆ. ಗಂಗವ್ವನಿಗೂ ಅದನ್ನೇ ಹೇಳಿದೆ, ನೀನು ಹಾಕಿದ್ದು ತಪ್ಪು ಎಂದು. ಆಕೆ ತಲೆಯಾಡಿಸಿದಳು.

"ಇರಬಹುದು ಬಿಡ್ರಿ," ಎಂದಳು. "ಆದ್ರ ಇಷ್ಟು ವರ್ಷದಾಗ ಮೊದಲನೇ ಸಲ, ತಪ್ಪು ನಂದ."