ಇಪ್ಪತ್ತೊಂದು ಸೀಟಿನ ಟಿವಿ

ನಮ್ಮ ಮನೆಯ ಟಿವಿಯ ಮುಖ ಎಲ್ಲರಿಗೂ ಗೊತ್ತು. ಅದರ ಬೆನ್ನು ಗೊತ್ತಿರುವುದು ನನಗೊಬ್ಬಳಿಗೇ. ಮುಖದಲ್ಲಿ ಅಂಥದ್ದೇನಿಲ್ಲ: ಮರದ ಪೆಟ್ಟಿಗೆ, ಪಕ್ಕಕ್ಕೆ ಸರಿಯುವ ಬಾಗಿಲು, ಕಪ್ಪುಬಿಳುಪಿನ ಗಾಜು. ಬೆನ್ನಿನ ಕಡೆ ಬಂದರೆ ಬೇರೆಯದೇ ಲೋಕ. ಸಾಲು ಸಾಲು ಕಿಂಡಿ, ಅದರೊಳಗಿಂದ ಬರುವ ಬಿಸಿ ಧೂಳಿನ ವಾಸನೆ, ಆಂಟೆನಾದ ಚಪ್ಪಟೆ ವೈರು ಸಿಕ್ಕಿಸುವ ಎರಡು ಸ್ಕ್ರೂ, ಚಳಿಗಾಲದಲ್ಲಿ ಬೆಚ್ಚಗೆ ಒರಗಿಕೊಂಡಿರುವ ಒಂದು ಹಲ್ಲಿ. ಗೋಡೆಗೂ ಟಿವಿಗೂ ನಡುವೆ ತೂರುವಷ್ಟು ತೆಳ್ಳಗಿದ್ದವಳು ಮನೆಯಲ್ಲಿ ನಾನೊಬ್ಬಳೇ ಆದ್ದರಿಂದ, ನಂದಿಬೆಟ್ಟದ ಕಡೆಯ ಗಾಳಿ ಜೋರಾಗಿ ಬೀಸಿ ಚಿತ್ರ ಕದಡಿದಾಗಲೆಲ್ಲ ನನ್ನನ್ನೇ ಹಿಂದಕ್ಕೆ ಕಳಿಸುತ್ತಿದ್ದರು. ಎಷ್ಟು ಸಲ ಹೋದೆ ಎಂದು ಡೈರಿಯಲ್ಲಿ ಗೆರೆ ಹಾಕುತ್ತಿದ್ದೆ. ಲೆಕ್ಕ ಯಾರಿಗೂ ಬೇಕಿರಲಿಲ್ಲ. ಗೆರೆ ಹಾಕುವುದು ನನ್ನ ಚಟ. ಕೆಲವರಿಗೆ ಉಗುರು ಕಚ್ಚುವ ಚಟವಿರುತ್ತದಲ್ಲ, ಹಾಗೆ.

ಟಿವಿಯ ಹಿಂದೆ ನಿಂತವರಿಗೆ ಒಂದು ಲಾಭವಿದೆ. ಕಾರ್ಯಕ್ರಮ ಕಾಣಿಸುವುದಿಲ್ಲ, ಆದರೆ ನೋಡುವವರು ಕಾಣಿಸುತ್ತಾರೆ. ಟಿವಿ ನೋಡುವಾಗ ಮನುಷ್ಯರು ತಮ್ಮ ಮುಖವನ್ನು ಕಾಯುವುದಿಲ್ಲ. ಅಜ್ಜಿಯ ತುಟಿ ತಾನೇ ಅಲ್ಲಾಡುತ್ತಿರುತ್ತದೆ. ಅಮ್ಮ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದವಳು ಕಲ್ಲನ್ನೇ ಬೆರಳಲ್ಲಿ ಹಿಡಿದು ಕೂತುಬಿಡುತ್ತಾಳೆ. ಅಪ್ಪನ ವಿಷಯ ಮಾತ್ರ ವಿಚಿತ್ರವಾಗಿತ್ತು. ಅವರು ಟಿವಿ ನೋಡುತ್ತಿರಲಿಲ್ಲ. ಅಜ್ಜಿಯನ್ನು, ಅಮ್ಮನನ್ನು ನೋಡುತ್ತಿದ್ದರು. ಎಲ್ಲರೂ ನಕ್ಕ ಮೇಲೆ, ಒಂದು ಉಸಿರಿನಷ್ಟು ತಡವಾಗಿ, ತಾವೂ ನಗುತ್ತಿದ್ದರು.

ಅಪ್ಪನಿಗೆ ಕಿವಿ ಮಂದವಾಗುತ್ತಿದೆ ಎಂದು ನನಗೆ ಮೊದಲು ಅನುಮಾನ ಬಂದದ್ದು ಹಾಗೆ, ಟಿವಿಯ ಬೆನ್ನ ಹಿಂದೆ.

ಬೇರೆ ಮನೆಯಾಗಿದ್ದರೆ ಇದು ತಿಳಿಯಲು ಇಷ್ಟು ತಡವಾಗುತ್ತಿರಲಿಲ್ಲವೇನೋ. ನಮ್ಮದು ದೊಡ್ಡಬಳ್ಳಾಪುರದ ನೇಕಾರರ ಮನೆ. ನಡುಮನೆಗೆ ಅಂಟಿಕೊಂಡೇ ಮಗ್ಗದ ಕೋಣೆ, ಅದರಲ್ಲಿ ಕರೆಂಟಿನ ಎರಡು ಮಗ್ಗ. ಅವು ಓಡುತ್ತಿದ್ದರೆ ಪಕ್ಕದಲ್ಲಿ ನಿಂತವರ ಮಾತೂ ಕೇಳದು. ಹಾಗಾಗಿ ನಮ್ಮ ಬೀದಿಯಲ್ಲೆಲ್ಲ ಒಂದು ಕೈಭಾಷೆ ಇದೆ. ಹೆಬ್ಬೆರಳು ಬಾಯಿಗೆ ತಂದರೆ ಕಾಫಿ, ಎರಡು ಬೆರಳು ಕತ್ತರಿಸಿದರೆ ದಾರ ಹರಿದಿದೆ, ಅಂಗೈ ತಿರುಗಿಸಿದರೆ ಯಾರೋ ಬಂದಿದ್ದಾರೆ. ಸದ್ದಿನಲ್ಲಿ ಯಾರಿಗೂ ಕೇಳುವುದಿಲ್ಲ. ಆದ್ದರಿಂದ ಯಾರಿಗೆ ನಿಜವಾಗಿ ಕೇಳುವುದಿಲ್ಲ ಎನ್ನುವುದು ಯಾರಿಗೂ ಗೊತ್ತಾಗುವುದಿಲ್ಲ. ಇಪ್ಪತ್ತು ವರ್ಷ ಮಗ್ಗದ ಪಕ್ಕ ನಿಂತ ಅಪ್ಪನ ಕಿವಿ ಹೀಗೆ ಸದ್ದಿಲ್ಲದೆ ಮನೆ ಬಿಟ್ಟು ಹೋಗುತ್ತಿತ್ತು. ಕಾಫಿಗೂ ಊಟಕ್ಕೂ ಕೈ ಸಾಕು. ಆದರೆ ಪಕ್ಕದ ಬೀದಿಯಲ್ಲಿ ನಡೆದ ತಮಾಷೆಯನ್ನು ಕೈಯಲ್ಲಿ ಹೇಳಲಾಗುವುದಿಲ್ಲ. ನಗೆಮಾತು ನಮ್ಮ ಕೈಭಾಷೆಯಲ್ಲಿ ಇರಲೇ ಇಲ್ಲ. ಅಪ್ಪ ಎಲ್ಲದಕ್ಕೂ ‘ಹ್ಞೂಂ’ ಎನ್ನಲು ಕಲಿತಿದ್ದರು. ಸಂಜೆ ನಾವು ಹರಟುವಾಗ ಏನೋ ನೆನಪಾದವರಂತೆ ಎದ್ದು ಮಗ್ಗದ ಕೋಣೆಗೆ ಹೋಗುವುದೂ ಹೆಚ್ಚಾಗಿತ್ತು.

ಅಮ್ಮನ ತಮ್ಮ, ನನ್ನ ಮಾವ, ಬೆಂಗಳೂರಿನಲ್ಲಿ ರೇಡಿಯೋ ಟಿವಿ ರಿಪೇರಿ ಕೆಲಸ ಮಾಡುತ್ತಿದ್ದರು. ನೇರ ಮನುಷ್ಯ. ಒಂದು ಭಾನುವಾರ ಬಂದವರು ಅಪ್ಪನಿಗೆ ಕೂಗಿ ಕೂಗಿ ಸಾಕಾಗಿ, ಹೇಳಬೇಕಾದ್ದನ್ನು ಒಂದು ಚೀಟಿಯಲ್ಲಿ ಬರೆದು ಕೈಗೆ ಕೊಟ್ಟರು. ಅಪ್ಪ ಅದನ್ನು ಓದಲಿಲ್ಲ. ನಾಲ್ಕು ಮಡಿಕೆ ಮಾಡಿ ಮಾವನ ಜೇಬಿಗೇ ವಾಪಸು ತುರುಕಿದರು.

“ನಂಗ್ಯಾಕಯ್ಯಾ ಅರ್ಜಿ ಕೊಡ್ತೀಯ? ನಾನೇನು ತಾಲ್ಲೂಕಾಫೀಸಾ?”

ಮಾತು ತಮಾಷೆಯದೇ. ಆದರೆ ಅಪ್ಪ ಆ ದಿನ ಊಟಕ್ಕೂ ನಮ್ಮ ಜೊತೆ ಕೂರಲಿಲ್ಲ. ಆಮೇಲೆ ಮನೆಯಲ್ಲಿ ಯಾರೂ ಚೀಟಿ ಬರೆಯುವ ಸಾಹಸ ಮಾಡಲಿಲ್ಲ.

ನಾನು ಆಗ ಕಾಲೇಜಿಗೆ ಸೇರಿದ್ದೆ. ಕಂಪ್ಯೂಟರಿನ ಹುಚ್ಚು ಹಿಡಿದಿತ್ತು. ಎಂಬತ್ತೊಂಬತ್ತರ ದಸರಾ ರಜೆಗೆ ಮಾವ ಒಂದು ಹಳೆಯ ಕಂಪ್ಯೂಟರು ತಂದುಕೊಟ್ಟರು. ಚೀಲದಿಂದ ತೆಗೆದರೆ ಬರೀ ಅಕ್ಷರದ ಮಣೆ. ಅಮ್ಮ ಚೀಲವನ್ನು ಇನ್ನೊಮ್ಮೆ ಕೊಡವಿ ನೋಡಿದಳು. ಮಿಕ್ಕದ್ದೆಲ್ಲಿ ಎಂದು ಕೇಳಿದರೆ ಮಾವ ನಮ್ಮ ಟಿವಿಯ ಕಡೆ ಕೈ ತೋರಿಸಿದರು. ಈ ಯಂತ್ರಕ್ಕೆ ಸ್ವಂತ ಮುಖವಿಲ್ಲ, ಟಿವಿಯ ಮುಖವನ್ನೇ ಎರವಲು ಪಡೆಯುತ್ತದೆ, ಆಂಟೆನಾ ವೈರು ಬಿಚ್ಚಿ ಆ ಜಾಗಕ್ಕೆ ಇದರ ವೈರು ಸಿಕ್ಕಿಸಿ ಚಾನೆಲ್ಲಿನ ಗುಂಡಿ ತಿರುಗಿಸಬೇಕು ಎಂದರು. ಅಜ್ಜಿಗೆ ಇದು ಮನೆಗೆ ಬಂದ ನೆಂಟರು ನಮ್ಮ ಸೀರೆಯನ್ನೇ ಉಟ್ಟು ಮದುವೆಗೆ ಹೊರಟಂತೆ ಕಂಡಿತು. ದೇವರ ಧಾರಾವಾಹಿ ಬರುವ ಭಾನುವಾರ ಬೆಳಿಗ್ಗೆ ಮಾತ್ರ ಅದು ತನ್ನ ಟಿವಿ ಮುಟ್ಟಕೂಡದು ಎಂದು ಷರತ್ತು ಹಾಕಿ ಒಪ್ಪಿದಳು.

ನಾನು ಟಿವಿಯ ಹಿಂದೆ ತೂರಿದೆ. ಆಗ ನಾವು ಮಾಡಿದ್ದು ನೇಕಾರರ ಮನೆಯವರಷ್ಟೇ ಮಾಡುವ ತಪ್ಪು. ಮಗ್ಗದ ಸದ್ದನ್ನು ಮೀರಲೆಂದು ನಮ್ಮ ಟಿವಿಯ ದನಿಯ ಗುಂಡಿ ಯಾವಾಗಲೂ ಕೊನೆಯ ತನಕ ತಿರುಗಿಯೇ ಇರುತ್ತಿತ್ತು. ಅದಕ್ಕೆ ಇನ್ನೊಂದು ದಿಕ್ಕಿದೆ ಎಂಬುದೇ ಮರೆತುಹೋಗಿತ್ತು. ಹಬ್ಬವಾದ್ದರಿಂದ ಅಂದು ಮಗ್ಗ ನಿಂತಿದ್ದವು. ಆಂಟೆನಾ ವೈರು ಕಿತ್ತದ್ದೇ ತಡ, ಟಿವಿ ಇಡೀ ಬೀದಿಗೆ ಕೇಳುವ ಹಾಗೆ ಬುಸ್ಸೆಂದು ಅರಚಿತು. ಅಜ್ಜಿ, ಅಮ್ಮ, ಮಾವ ಕಿವಿ ಮುಚ್ಚಿಕೊಂಡರು. ಪಕ್ಕದ ಮನೆಯವರು ಮೋಟಾರು ಸುಟ್ಟಿತೆಂದು ಓಡಿ ಬಂದರು.

ಅಪ್ಪ ಒಬ್ಬರೇ ನೆಮ್ಮದಿಯಾಗಿ ಕೂತಿದ್ದರು. ಟಿವಿಯಲ್ಲಿ ಬರುತ್ತಿದ್ದ ಬಿಳಿ ಚುಕ್ಕಿಗಳನ್ನು ನೋಡಿದರು. ಆಮೇಲೆ ನಮ್ಮ ಮುಖಗಳನ್ನು ನೋಡಿದರು, ಅಮ್ಮನ ಕೈಗಳನ್ನು ನೋಡಿದರು. ಆಮೇಲೆ ನಿಧಾನವಾಗಿ ತಾವೂ ಎರಡೂ ಕೈ ಎತ್ತಿ ಕಿವಿ ಮುಚ್ಚಿಕೊಂಡರು.

ಅದನ್ನು ನೋಡಿದವಳು ನಾನೊಬ್ಬಳೇ. ಅಂದಿನ ಡೈರಿಯಲ್ಲಿ ‘ಕಂಪ್ಯೂಟರು ಬಂತು’ ಎಂದಷ್ಟೇ ಇದೆ. ಕೆಲವಕ್ಕೆ ಗೆರೆ ಹಾಕಲು ಕೈ ಬರುವುದಿಲ್ಲ.

ದನಿ ತಗ್ಗಿಸಿ, ಗುಂಡಿ ತಿರುಗಿಸಿ, ಕೊನೆಗೆ ಬಿಳಿಯ ಪರದೆಯ ಮೇಲೆ ಒಂದು ಸಾಲು ಇಂಗ್ಲಿಷ್ ಅಕ್ಷರ ಮೂಡಿತು. ಅಜ್ಜಿ ಐದು ನಿಮಿಷ ಕಾದು, ಇದರಲ್ಲಿ ಜನವೇ ಬರುವುದಿಲ್ಲವೆಂದು ಎದ್ದುಹೋದಳು. ಅಮ್ಮ ಒಲೆಯ ಕಡೆ ಹೋದಳು. ಅಪ್ಪ ಮಾತ್ರ ಕೂತೇ ಇದ್ದರು. ಮರುದಿನವೂ ಬಂದು ಕೂತರು. ಅದರ ಮರುದಿನವೂ. ಯಾಕೆಂದು ಹೊಳೆಯಲು ನನಗೆ ಸ್ವಲ್ಪ ಕಾಲ ಬೇಕಾಯಿತು. ಈ ಟಿವಿ ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ. ಅದರ ಮುಂದೆ ಕೂತಾಗ ಅಪ್ಪ ನನಗಿಂತ ಒಂದು ಮಾತೂ ಕಡಿಮೆ ಕೇಳಿಸಿಕೊಳ್ಳುತ್ತಿರಲಿಲ್ಲ.

ಟಿವಿಯಲ್ಲಿ ಚಿತ್ರ ಬರುವುದು ಹೇಗೆಂದು ಕಾಲೇಜಿನಲ್ಲಿ ಓದಿದ್ದೆ. ಒಂದು ಬೆಳಕಿನ ಚುಕ್ಕಿ ಎಡದಿಂದ ಬಲಕ್ಕೆ ಓಡುತ್ತದೆ, ಮತ್ತೆ ಎಡಕ್ಕೆ ಬಂದು ಒಂದು ಗೆರೆ ಕೆಳಗೆ ಓಡುತ್ತದೆ. ಕಣ್ಣು ಅದನ್ನೆಲ್ಲ ಸೇರಿಸಿ ಚಿತ್ರ ಎನ್ನುತ್ತದೆ. ಅಪ್ಪನಿಗೆ ಇದನ್ನು ಬೆರಳಿನಲ್ಲೇ ತೋರಿಸಿದೆ. ಗಾಜಿನ ಮೇಲೆ ಎಡದಿಂದ ಬಲಕ್ಕೆ, ಮತ್ತೆ ಕೆಳಗೆ, ಮತ್ತೆ ಎಡದಿಂದ ಬಲಕ್ಕೆ.

“ಲಾಳಿ ಥರ” ಎಂದರು ಅಪ್ಪ. ತುಸು ಯೋಚಿಸಿ, “ಕರೆಂಟ್ ಹೋದ್ರೆ ನೇಯ್ದಿದ್ದೆಲ್ಲಾ ಬಿಚ್ಕೊಂಡೋಗತ್ತೆ ಅನ್ನು” ಎಂದರು.

ನಾನು ಹೌದೆಂದು ತಲೆಯಾಡಿಸಿದೆ. ಉದ್ದದ ಎಳೆಯ ಹಾಸು ಇಲ್ಲದೆ, ಅಡ್ಡಡ್ಡ ಓಡುವ ಬರೀ ಬೆಳಕಿನ ಹೊಕ್ಕಿನಲ್ಲಿ ನೇಯುವ ಸೀರೆ; ಉಡಲು ಬಾರದು, ಮಡಿಸಿಡಲೂ ಬಾರದು. ಅಪ್ಪನಿಗೆ ಅದು ಬಹಳ ಹಿಡಿಸಿತು.

ಯಂತ್ರಕ್ಕೆ ಕನ್ನಡ ಬರುತ್ತಿರಲಿಲ್ಲ. ಆದರೆ ಎಂಟು ಸಾಲು, ಎಂಟು ಮನೆಯ ಚೌಕದಲ್ಲಿ ಯಾವ ಮನೆ ಕಪ್ಪು, ಯಾವ ಮನೆ ಬಿಳಿ ಎಂದು ಹೇಳಿಕೊಟ್ಟರೆ ಹೊಸ ಆಕಾರ ಕಲಿಯುತ್ತಿತ್ತು. ಮನೆ ಮನೆ ತುಂಬಿ ಚಿತ್ರ ಮಾಡುವುದು ನಮ್ಮ ಮನೆಗೆ ಹೊಸದಲ್ಲ. ಸೀರೆಯ ಅಂಚಿಗೆ ಗಿಳಿ, ಬಳ್ಳಿ ಮೂಡಿಸಲು ಅಪ್ಪ ಗ್ರಾಫ್ ಕಾಗದದಲ್ಲಿ ಕೆಂಪು ಪೆನ್ಸಿಲಿನಿಂದ ಅದನ್ನೇ ಮಾಡುತ್ತಿದ್ದರು. ನಾನು ಕಾಗದ ಮುಂದಿಟ್ಟೆ. ಇಬ್ಬರೂ ಒಂದೊಂದು ತುದಿಯಿಂದ ಅಕ್ಷರ ತುಂಬುತ್ತಾ ಕೂತೆವು. ಅವರ ‘ಮ’ ನನ್ನ ‘ಮ’ಗಿಂತ ದುಂಡಗಿತ್ತು. ನನ್ನ ‘ರ’ವನ್ನು ಅವರು ಎರಡು ಸಲ ಹೊಗಳಿದರು.

ತೊಂದರೆ ಒಂದೇ. ಯಂತ್ರ ನೆನಪಿಟ್ಟುಕೊಳ್ಳುತ್ತಿದ್ದದ್ದು ಇಪ್ಪತ್ತೊಂದು ಆಕಾರ ಮಾತ್ರ. ಕನ್ನಡಕ್ಕೆ ಇಪ್ಪತ್ತೊಂದು ಯಾವ ಮೂಲೆಗೆ? ಇಲ್ಲಿ ನನ್ನ ಗೆರೆ ಹಾಕುವ ಚಟ ಮೊದಲ ಬಾರಿಗೆ ಉಪಯೋಗಕ್ಕೆ ಬಂತು. ಒಂದು ವಾರ ಮನೆಯವರ ಮಾತನ್ನೆಲ್ಲ ಕೇಳಿಸಿಕೊಂಡು ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಗೆರೆ ಹಾಕಿದೆ. ಕೊನೆಯ ಬಸ್ಸಿಗೆ ಸೀಟು ಹಂಚಿದ ಹಾಗಾಯಿತು. ‘ನ’, ‘ರ’, ‘ಮ’ ನೇರವಾಗಿ ಹತ್ತಿ ಕೂತವು. ಕೊಂಬು, ಏತ್ವದಂಥ ಗುರುತುಗಳು ಅಕ್ಷರದ ಪಕ್ಕದಲ್ಲಿ ನಿಲ್ಲುವಂತೆ ಬೇರೆಯಾಗಿ ಹತ್ತಿದವು. ‘ಊ’ ಅಪರೂಪದ ಪ್ರಯಾಣಿಕ, ಆದರೆ ಊಟವಿಲ್ಲದ ಮನೆಯೇ? ಹತ್ತಿಸಿಕೊಂಡೆ. ಮಹಾಪ್ರಾಣಗಳೆಲ್ಲ ಬಸ್ ಸ್ಟ್ಯಾಂಡಿನಲ್ಲೇ ಉಳಿದವು. ಒತ್ತಕ್ಷರಗಳಿಗೆ ಜಾಗವೇ ಇರಲಿಲ್ಲ, ಆದರೂ ಅಪ್ಪನಿಗಾಗಿ ‘ಪ್ಪ’, ಮಗ್ಗಕ್ಕಾಗಿ ‘ಗ್ಗ’ ಎರಡನ್ನು ಒತ್ತರಿಸಿ ಕೂರಿಸಿದೆ. ಅಮ್ಮನಿಗೆ ಸುದ್ದಿ ತಿಳಿದು ಜಗಳಕ್ಕೇ ಬಂದಳು.

“ನಿಮ್ಮಪ್ಪಂಗೆ ಸೀಟು, ಮಗ್ಗಕ್ಕೂ ಸೀಟು. ನಾನು ಈ ಮನೆಗೆ ಯಾರು ಹಂಗಾದ್ರೆ?”

‘ಮ್ಮ’ ಹತ್ತಿತು. ಅಜ್ಜಿಯನ್ನು ಕೇಳಿದಾಗ ನಕ್ಕಳು. “ನಂಗೆ ಓದಕ್ಕೇ ಬರಲ್ಲ, ನಂದು ಬಿಡು. ನಾನು ನಿಂತ್ಕೊಂಡೇ ಬರ್ತೀನಿ.”

ಇನ್ನೊಂದು ವಿಘ್ನವಿತ್ತು. ಮಗ್ಗ ಓಡುವಾಗ ಕರೆಂಟು ಕುಗ್ಗಿ ಅಕ್ಷರಗಳು ಬಾವಿಯ ನೀರಿನಲ್ಲಿ ಬಿದ್ದಂತೆ ಓಲಾಡುತ್ತಿದ್ದವು. ಅಪ್ಪ ಅದನ್ನು ಎರಡು ದಿನ ನೋಡಿದರು. ದೀಪ ಹಚ್ಚುವ ಹೊತ್ತಿಗೆ ದೇವರಿಗೆ ಕೈಮುಗಿಯುವಷ್ಟು ಕಾಲ ಮಗ್ಗ ನಿಲ್ಲಿಸುವುದು ನಮ್ಮ ಮನೆಯ ಪದ್ಧತಿ. ಕೈಮುಗಿದ ಕೂಡಲೇ ಮತ್ತೆ ಶುರು. ಮೂರನೆಯ ದಿನ ಕೈಮುಗಿದ ಮೇಲೆ ಅಪ್ಪ ಮಗ್ಗದ ಕೋಣೆಗೆ ಹೋಗಲಿಲ್ಲ. ಬಂದು ಟಿವಿಯ ಮುಂದೆ ಕೂತರು. ಹಬ್ಬವಿಲ್ಲದೆ, ಕರೆಂಟೂ ಇರುವಾಗ ಮಗ್ಗ ಸುಮ್ಮನೆ ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು. ಅಮ್ಮನೂ ಒಲೆ ತಗ್ಗಿಸಿ ಬಂದಳು. ಅಜ್ಜಿ ಬಂದಳು.

ಯಂತ್ರದ ವೈರು ಬಹಳ ಗಿಡ್ಡ. ಹಾಗಾಗಿ ನಾನು ಟಿವಿಯ ಮಗ್ಗುಲಲ್ಲೇ, ಮೂವರಿಗೂ ಎದುರಾಗಿ ಕೂರಬೇಕಿತ್ತು. ಏನು ಬರೆಯಲಿ ಎಂದು ಅಮ್ಮನನ್ನು ಕಣ್ಣಲ್ಲೇ ಕೇಳಿದೆ. ಅಪ್ಪನಿಗೆ ಎಂದು ಹೇಳಿ ಬರೆದರೆ ಮತ್ತೆ ಅರ್ಜಿಯಾಗುತ್ತದೆ, ಅವರು ಎದ್ದು ಹೋಗುತ್ತಾರೆ ಎಂಬ ಭಯ ನನಗೆ. ಅಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ಒಂದು ಸಾಲು ಹೇಳಿಕೊಟ್ಟಳು. ಒಂದೊಂದೇ ಅಕ್ಷರ ಒತ್ತಿದೆ. ಟಿವಿಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ, ಅಕ್ಷರಗಳು ಬಂದು ನಿಂತವು:

ಅಪ್ಪನ ಗೊರಕೆ ಮೂರನೇ ಮಗ್ಗ

ಈ ಸಲ ಅಪ್ಪ ಯಾರ ಮುಖವನ್ನೂ ನೋಡಲಿಲ್ಲ. ಟಿವಿಯನ್ನೇ ನೋಡುತ್ತಿದ್ದರು. ತುಟಿ ಒಂದು ಸಲ ಆಡಿತು. ಆಮೇಲೆ ನಕ್ಕರು. ಅಮ್ಮ ತನ್ನ ಮಾತಿಗೆ ತಾನು ನಗುವ ಮೊದಲೇ, ಎಲ್ಲರಿಗಿಂತ ಮೊದಲು ನಕ್ಕರು.

“ಹಂಗಾದ್ರೆ ರಾತ್ರಿಪಾಳಿ ಕೂಲೀನೂ ನಂಗೇ ಬರ್ಬೇಕು” ಎಂದರು, ಮಗ್ಗ ಓಡುತ್ತಿರುವಾಗ ಮಾತಾಡುವಷ್ಟೇ ಜೋರಾಗಿ.

ಅಜ್ಜಿ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ, ಅಪ್ಪನ ಭುಜ ತಟ್ಟಿ ಟಿವಿಯ ಕಡೆ ಕೈ ತೋರಿಸಿದಳು. “ಏನ್ಲಾ ಅದು? ನಂಗೂ ಹೇಳ್ಲಾ.”

ಅಪ್ಪ ಅವಳ ಕಡೆ ಸರಿದು ಕೂತು, ಗಾಜಿನ ಮೇಲೆ ಬೆರಳಿಟ್ಟು, ಒಂದೊಂದೇ ಮಾತು ಓದಿ ಹೇಳಿದರು. ಅಜ್ಜಿ ಕೊನೆಯಲ್ಲಿ ನಕ್ಕಳು. ಒಂದು ಉಸಿರಿನಷ್ಟು ತಡವಾಗಿ.

ಅಲ್ಲಿಂದ ದಿನಾ ಸಂಜೆ ಅರ್ಧ ಗಂಟೆ ಮಗ್ಗ ನಿಲ್ಲುತ್ತಿತ್ತು. ಬೀದಿಯ ಸುದ್ದಿ, ತೂಬಗೆರೆಯ ಚಿಕ್ಕಮ್ಮನ ಮನೆಯ ಸಮಾಚಾರ, ಅಮ್ಮನ ದೂರು ಎಲ್ಲವೂ ಇಪ್ಪತ್ತೊಂದು ಸೀಟಿನಲ್ಲಿ ಇಕ್ಕಟ್ಟಾಗಿ ಕೂತು ಬರುತ್ತಿದ್ದವು. ಸಾಲದ್ದಕ್ಕೆ ಕಾಗುಣಿತ ತಪ್ಪುತ್ತಿತ್ತು, ಯಾರೂ ಟಿಕೆಟ್ಟು ಕೇಳುತ್ತಿರಲಿಲ್ಲ. ಚೀಟಿಯನ್ನು ಮಡಿಸಿ ಹಿಂದಕ್ಕೆ ಕೊಟ್ಟ ಮನುಷ್ಯ ಇದನ್ನು ಹೇಗೆ ಒಪ್ಪಿದರು ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ಚೀಟಿ ಒಬ್ಬರ ಕೈಗೆ ಬರುತ್ತದೆ. ಬಂದಾಗ, ಇದು ನಿನ್ನೊಬ್ಬನಿಗೆ, ನಿನಗೆ ಕೇಳದು, ಅದಕ್ಕೆ ಎಂದು ಹೇಳಿಕೊಂಡೇ ಬರುತ್ತದೆ. ಟಿವಿ ಹಾಗಲ್ಲ. ಅದು ನಡುಮನೆಯಲ್ಲಿ ಎಲ್ಲರ ಕಡೆಗೂ ಮುಖ ಮಾಡಿ ಕೂತಿರುತ್ತದೆ.

ಆ ಯಂತ್ರ ಮೂರನೇ ಬೇಸಿಗೆಯಲ್ಲಿ ಕರೆಂಟಿನ ಏರಿಳಿತಕ್ಕೆ ಸುಟ್ಟುಹೋಯಿತು. ಮಾವ ಬಿಚ್ಚಿ ನೋಡಿ, ಮುಚ್ಚಿಟ್ಟರು. ಆಂಟೆನಾ ವೈರು ತನ್ನ ಜಾಗಕ್ಕೆ ಮರಳಿತು. ಆ ಸಂಜೆ ದೀಪ ಹಚ್ಚಿದ ಮೇಲೆ ಅಪ್ಪ ಎದ್ದು ಹೋದರು. ಆದರೆ ಮಗ್ಗ ಶುರುವಾಗಲಿಲ್ಲ. ಅಪ್ಪ ಹಳೆಯ ಹಲಗೆಯೊಂದಕ್ಕೆ ಕಪ್ಪು ಬಣ್ಣ ಬಳಿದು ಒಣಗಲು ಇಟ್ಟು ಬಂದರು. ಮರುದಿನ ಅದನ್ನು ಟಿವಿಯ ಪಕ್ಕದ ಗೋಡೆಗೆ ತಾವೇ ಮೊಳೆ ಹೊಡೆದು ತೂಗುಹಾಕಿದರು. ಸೀಟಿನ ಮಿತಿಯಿಲ್ಲ, ಮಹಾಪ್ರಾಣಗಳಿಗೂ ಪ್ರವೇಶವಿದೆ. ಬಂದವರು ಹಾಲಿನ ಲೆಕ್ಕ ಬರೆಯುವ ಹಲಗೆ ಎಂದುಕೊಳ್ಳುತ್ತಾರೆ.

ಈಗಲೂ ಟಿವಿಯಲ್ಲಿ ಏನಾದರೂ ತಮಾಷೆ ಬಂದರೆ ಅಮ್ಮನೋ ನಾನೋ ಎದ್ದು ಹಲಗೆಯ ಮೇಲೆ ನಾಲ್ಕು ಮಾತು ಗೀಚುತ್ತೇವೆ. ಅಪ್ಪ ಓದುವ ತನಕ, ಓದಿ ಅಜ್ಜಿಗೆ ಹೇಳುವ ತನಕ, ಯಾರೂ ನಗುವುದಿಲ್ಲ. ಆಮೇಲೆ ನಾಲ್ವರೂ ಒಟ್ಟಿಗೆ ನಗುತ್ತೇವೆ. ಅಷ್ಟರಲ್ಲಿ ಟಿವಿಯಲ್ಲಿ ಯಾರೋ ಅಳಲು ಶುರುಮಾಡಿರುತ್ತಾರೆ. ನೋಡಿದವರು, ಈ ಮನೆಯವರಿಗೆ ತಮಾಷೆ ತಡವಾಗಿ ತಿಳಿಯುತ್ತದೆ ಎಂದುಕೊಳ್ಳಬಹುದು. ಅಂದುಕೊಳ್ಳಲಿ.